ಓಲ್ಹಾ ಖರ್ಲಾನ್: ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಜುಲೈನಲ್ಲಿ ಇಟಲಿಯ ಮಿಲಾನ್‌ನಿಂದ ಬಂದ ಒಂದು ವಿಡಿಯೊ ಎಲ್ಲರ ಫೋನಲ್ಲೂ ಓಡಾಡಿತು. ಉಕ್ರೇನಿನ ಕತ್ತಿವರಸೆ ಆಟಗಾರ್ತಿ ಗೆದ್ದಳು, ರಷ್ಯಾದವಳು ಕೈ ಚಾಚಿದಳು, ಇವಳು ಕೈ ಕೊಡದೆ ಕತ್ತಿ ಮುಂದೆ ಹಿಡಿದಳು. ನಮ್ಮಲ್ಲಿ ಬಹಳ ಜನ ಖರ್ಲಾನ್ ಹೆಸರು ಕೇಳಿದ್ದೇ ಅವತ್ತು. ಆ ಹೊತ್ತಿಗೆ ಆಕೆ ನಾಲ್ಕು ಸಲ ವಿಶ್ವ ಚಾಂಪಿಯನ್ ಆಗಿ ಮುಗಿದಿತ್ತು. ಅದಕ್ಕೇ ಕೈಕುಲುಕದ ಕಥೆಯ ಜೊತೆಗೆ ಆಟದ ಕಥೆಯನ್ನೂ ಇಲ್ಲಿ ಹೇಳಿದ್ದೇನೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಚಿಕ್ಕದಾಗಿ ಹೇಳಿ, ಯಾರು ಈಕೆ?

ಉಕ್ರೇನಿನ ಸೇಬರ್ ಆಟಗಾರ್ತಿ. ಹುಟ್ಟಿದ್ದು 1990ರ ಸೆಪ್ಟೆಂಬರ್ 4ರಂದು, ದೇಶದ ದಕ್ಷಿಣಕ್ಕಿರುವ ಮಿಕೊಲಾಯಿವ್ ಊರಲ್ಲಿ. ಒಲಿಂಪಿಕ್ಸ್‌ನಲ್ಲಿ ಆರು ಪದಕ, ವೈಯಕ್ತಿಕ ವಿಭಾಗದಲ್ಲಿ ನಾಲ್ಕು ವಿಶ್ವ ಕಿರೀಟ. ಉಕ್ರೇನ್ ಸ್ವತಂತ್ರ ದೇಶವಾದ ಮೇಲೆ ಅಲ್ಲಿನ ಯಾರೂ ಒಲಿಂಪಿಕ್ಸ್‌ನಲ್ಲಿ ಇಷ್ಟು ಪದಕ ಗೆದ್ದಿಲ್ಲ.

ಓಲ್ಗಾ ಅನ್ನಬೇಕೋ, ಓಲ್ಹಾ ಅನ್ನಬೇಕೋ?

ಬರೆಯುವ ಅಕ್ಷರ ಎರಡೂ ಭಾಷೆಯಲ್ಲಿ ಒಂದೇ. ರಷ್ಯನ್ನರು ಅದನ್ನು ಗ ಅಂತ ಓದುತ್ತಾರೆ, ಉಕ್ರೇನಿನವರು ಹ ಅಂತ ಓದುತ್ತಾರೆ. ಹಾಗಾಗಿ ಅವಳ ಊರಿನವರ ಬಾಯಲ್ಲಿ ಓಲ್ಹಾ. ಊರಿನ ಹೆಸರೂ ಅಷ್ಟೇ, ಹಳೇ ಅಟ್ಲಾಸ್‌ಗಳಲ್ಲಿ ನಿಕೊಲಾಯೆವ್ ಅಂತ ಇರುತ್ತದೆ, ಅದು ರಷ್ಯನ್ ರೂಪ. ಬೆಂಗಳೂರನ್ನು ಬ್ಯಾಂಗಲೋರ್ ಅಂದರೆ ಮುಖ ಹುಳಿ ಮಾಡಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೇಬರ್ ಅಂದರೆ ಏನು? ಕತ್ತಿವರಸೆಯಲ್ಲಿ ಎಲ್ಲ ಕತ್ತಿಯೂ ಒಂದೇ ಅಲ್ವಾ?

ಅಲ್ಲ. ಮೂರು ಬಗೆ ಇವೆ: ಫಾಯಿಲ್, ಎಪೆ, ಸೇಬರ್. ಫಾಯಿಲ್‌ನಲ್ಲಿ ಕತ್ತಿಯ ತುದಿಯಿಂದ ಚುಚ್ಚಬೇಕು, ಅದೂ ಮುಂಡಕ್ಕೆ ಮಾತ್ರ. ಎಪೆಯಲ್ಲೂ ತುದಿಯೇ, ಆದರೆ ಮೈಮೇಲೆ ಎಲ್ಲಿ ತಗುಲಿದರೂ ಸರಿ, ಕಾಲಿನ ಹೆಬ್ಬೆರಳಾದರೂ ಪಾಯಿಂಟೇ. ಸೇಬರ್‌ನಲ್ಲಿ ಅಲಗಿನಿಂದ ಬೀಸಿ ಹೊಡೆಯಬಹುದು. ಗುರಿ ಸೊಂಟದಿಂದ ಮೇಲೆ: ತಲೆ, ತೋಳು, ಎದೆ, ಬೆನ್ನು. ಕುದುರೆ ಸವಾರರ ಕತ್ತಿಯಿಂದ ಬೆಳೆದು ಬಂದ ಆಟ ಇದು.

ಕತ್ತಿಯ ತೂಕ ಅರ್ಧ ಕಿಲೋ ದಾಟುವಂತಿಲ್ಲ, ಅಲಗಿನ ಉದ್ದ ಹೆಚ್ಚೆಂದರೆ 88 ಸೆಂಟಿಮೀಟರ್. ಆಡುವ ಪಟ್ಟಿಗೆ ಪಿಸ್ಟ್ ಅನ್ನುತ್ತಾರೆ, 14 ಮೀಟರ್ ಉದ್ದ, ಎರಡು ಮೀಟರ್ ಒಳಗಿನ ಅಗಲ. ಇಬ್ಬರೂ ನಡುಗೆರೆಯಿಂದ ಎರಡೆರಡು ಮೀಟರ್ ಹಿಂದೆ ನಿಲ್ಲುತ್ತಾರೆ, ರೆಫರಿ ಶುರು ಅನ್ನುತ್ತಾರೆ, ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ನಿಜವಾಗ್ಲೂ. ಎಷ್ಟೋ ಪಾಯಿಂಟ್‌ಗಳು ಎರಡು ಸೆಕೆಂಡ್ ಕೂಡ ತೆಗೆದುಕೊಳ್ಳುವುದಿಲ್ಲ. ನೀರು ಕುಡಿಯೋಕೆ ಬಾಟಲಿ ಎತ್ತಿದರೆ ಎರಡು ಪಾಯಿಂಟ್ ಹೋಯ್ತು ಅಂತಲೇ ಲೆಕ್ಕ.

ಏಟು ಬಿದ್ದಾಗ ಇಬ್ಬರ ಕಡೆಯ ದೀಪವೂ ಹತ್ತುತ್ತದೆ, ಆದರೆ ಒಬ್ಬರಿಗೆ ಮಾತ್ರ ಪಾಯಿಂಟ್ ಕೊಡುತ್ತಾರೆ. ಯಾಕೆ?

ಹೊಸಬರೆಲ್ಲ ಎಡವುವುದು ಇಲ್ಲೇ. ಸೇಬರ್‌ನಲ್ಲಿ ದಾಳಿಯ ಹಕ್ಕು ಅಂತ ಒಂದಿದೆ. ಮೊದಲು ಮುಂದೆ ಬಂದು ದಾಳಿ ಶುರು ಮಾಡಿದವರಿಗೆ ಆ ಹಕ್ಕು. ಎದುರಿನವಳು ಕತ್ತಿಯಿಂದ ಆ ಏಟನ್ನು ತಡೆದು ತಿರುಗಿ ಹೊಡೆದರೆ ಹಕ್ಕು ಅವಳ ಕಡೆಗೆ. ಏಟು ತಪ್ಪಿ ಗಾಳಿಗೆ ಹೋದರೂ ಹಾಗೇ. ಇಬ್ಬರೂ ಒಟ್ಟಿಗೇ ನುಗ್ಗಿ ಒಟ್ಟಿಗೇ ಹೊಡೆದರೆ ಯಾರಿಗೂ ಇಲ್ಲ, ಮತ್ತೆ ಶುರು.

ಇದರಿಂದ ಏನಾಗುತ್ತದೆ ಅಂದರೆ ಸೇಬರ್ ಆಡುವವರು ಎದುರಾಳಿಯ ಮೈ ಜೊತೆಗೆ ರೆಫರಿಯ ಕಣ್ಣನ್ನೂ ಗೆಲ್ಲಬೇಕು. ನಾನೇ ಮೊದಲು ಹೊರಟೆ ಅನ್ನೋದು ಅವರಿಗೆ ಸ್ಪಷ್ಟವಾಗಿ ಕಾಣಬೇಕು. ಖರ್ಲಾನ್ ಪಾಯಿಂಟ್ ಹೊಡೆದ ತಕ್ಷಣ ಮುಖವಾಡ ಕಿತ್ತು ಕಿರುಚುವುದು ನೋಡಿ ಕೆಲವರು ಜಂಭ ಅಂತಾರೆ. ಈ ಆಟದಲ್ಲಿ ಎಲ್ಲರೂ ಕಿರುಚುತ್ತಾರೆ ಮಾರಾಯ್ರೇ.

ಈ ಆಟಕ್ಕೆ ಬಂದಿದ್ದು ಹೇಗೆ?

ಹತ್ತು ವರ್ಷವಿದ್ದಾಗ, ತನ್ನ ಊರಲ್ಲೇ. ಮೊದಲ ಕೋಚ್ ಅನಾತೊಲಿ ಶ್ಲಿಕಾರ್. ಮಿಕೊಲಾಯಿವ್ ಹಡಗು ಕಟ್ಟುವ ಊರು, ದಕ್ಷಿಣ ಬುಹ್ ನದಿ ಸಮುದ್ರ ಸೇರೋಕೆ ಹೊರಡುವ ಕಡೆ ಇದೆ. ಅಂಥ ಊರಿಗೆ ಸೇಬರ್ ಯಾಕೆ ಅಂಟಿಕೊಂಡಿತು ಅಂತ ಆಶ್ಚರ್ಯ ಆಗಬಹುದು. ಸೋವಿಯತ್ ಕಾಲದಿಂದಲೂ ಉಕ್ರೇನಿನಲ್ಲಿ ಸೇಬರ್ ಆಡುವವರು ಇದ್ದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಹಳೇ ಸೋವಿಯತ್ ದೇಶಗಳ ಜಂಟಿ ತಂಡ ಸೇಬರ್ ಚಿನ್ನ ಗೆದ್ದಾಗ ಅದರಲ್ಲಿ ಕೀವ್‌ನ ವಾದಿಮ್ ಹುಟ್ಸಾಯ್ಟ್ ಇದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇನ್ನೊಂದು ಮಾತು. ಈಕೆ ಕತ್ತಿ ಹಿಡಿಯುವ ಹೊತ್ತಿಗೆ ಮಹಿಳೆಯರ ಸೇಬರ್ ಅನ್ನೋದೇ ಹೊಸದು. ವಿಶ್ವ ಚಾಂಪಿಯನ್‌ಶಿಪ್‌ಗೆ ಅದು ಸೇರಿದ್ದು 1999ರಲ್ಲಿ. ಒಲಿಂಪಿಕ್ಸ್‌ಗೆ ಬಂದಿದ್ದು 2004ರಲ್ಲಿ, ಅಥೆನ್ಸ್‌ನಲ್ಲಿ. ಅಂದರೆ ಆಟವೂ ಇವಳೂ ಜೊತೆಜೊತೆಗೇ ಬೆಳೆದವರು.

17ನೇ ವಯಸ್ಸಿಗೇ ಒಲಿಂಪಿಕ್ ಚಿನ್ನ ಗೆದ್ದಳಂತೆ, ನಿಜಾನಾ?

ನಿಜ. 2008, ಬೀಜಿಂಗ್. ಮಹಿಳೆಯರ ತಂಡ ಸೇಬರ್ ಒಲಿಂಪಿಕ್ಸ್‌ನಲ್ಲಿ ನಡೆದಿದ್ದೇ ಅವತ್ತು ಮೊದಲು. ಹಾಗಾಗಿ ಆ ವಿಭಾಗದ ಮೊಟ್ಟಮೊದಲ ಚಿನ್ನ ಉಕ್ರೇನಿನದ್ದು.

ತಂಡದ ಆಟ ಹೇಗೆ ಅಂತ ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ಈಕೆಯ ಕಥೆಯ ಅರ್ಧ ಸ್ವಾರಸ್ಯ ಸಿಗುವುದಿಲ್ಲ. ಮೂವರ ಎದುರು ಮೂವರು, ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ, ಒಟ್ಟು ಒಂಬತ್ತು ಸುತ್ತು. ಸ್ಕೋರು ರಿಲೇ ಓಟದ ಕೋಲಿನ ಹಾಗೆ ಕೈಯಿಂದ ಕೈಗೆ ಹೋಗುತ್ತದೆ. ಈಕೆ ಗೆದ್ದ ಒಲಿಂಪಿಕ್ಸ್‌ಗಳಲ್ಲಿ ಮೊದಲ ಸುತ್ತು ಒಂದು ತಂಡ 5 ಮುಟ್ಟುವ ತನಕ, ಎರಡನೆಯದು 10ರ ತನಕ, ಹೀಗೆ ಕೊನೆಯದು 45ರ ತನಕ ನಡೆಯುತ್ತಿತ್ತು. ಮೊದಲು ಆಡುವವಳು ಎರಡು ಪಾಯಿಂಟ್ ಕಳೆದುಕೊಂಡರೆ ಆಮೇಲೆ ಬರುವವಳು ತುಂಬಿಸಬಹುದು. ಒಂಬತ್ತನೇ ಸುತ್ತಿನವಳ ಹಿಂದೆ ಯಾರೂ ಇಲ್ಲ. ಅದಕ್ಕೇ ಆ ಜಾಗಕ್ಕೆ ತಂಡದ ಅತಿ ಗಟ್ಟಿ ಗುಂಡಿಗೆಯವರನ್ನು ಹಾಕುತ್ತಾರೆ.

ಬೀಜಿಂಗ್‌ನಲ್ಲಿ ವೈಯಕ್ತಿಕ ವಿಭಾಗದ ಮೂರೂ ಪದಕಗಳನ್ನು ಅಮೆರಿಕದವರೇ ಹೊಡೆದಿದ್ದರು. ಅಂಥ ತಂಡವನ್ನು ಉಕ್ರೇನ್ ಸೆಮಿಫೈನಲ್‌ನಲ್ಲಿ ಸೋಲಿಸಿತು. ಫೈನಲ್‌ನಲ್ಲಿ ಚೀನಾ, ಅದೂ ಅವರ ನೆಲದಲ್ಲಿ, ಅವರ ಜನರ ಕೂಗಿನ ನಡುವೆ. ಕೊನೆಯ ಸುತ್ತಿಗೆ ಉಕ್ರೇನ್ ಕಳಿಸಿದ್ದು ತಂಡದ ಅತಿ ಕಿರಿಯ ಹುಡುಗಿಯನ್ನು. ಎದುರಿಗೆ ಚೀನಾದ ಅನುಭವಿ ತಾನ್ ಶ್ವೆ. ಸ್ಕೋರು 44-44ಕ್ಕೆ ಬಂತು. ಮುಂದಿನ ಒಂದೇ ಏಟು ಚಿನ್ನ ಯಾರದ್ದು ಅಂತ ಹೇಳಬೇಕು. ಅದನ್ನು ಹೊಡೆದಿದ್ದು ಖರ್ಲಾನ್. 45-44. ಓಲೆನಾ ಖೊಮ್ರೊವಾ, ಹಲಿನಾ ಪುಂದಿಕ್, ಓಲ್ಹಾ ಜೊವ್ನಿರ್ ಉಳಿದ ಮೂವರು. ಹದಿನೇಳರ ವಯಸ್ಸಲ್ಲಿ ನಾವೆಲ್ಲ ಪಿಯುಸಿ ಫಲಿತಾಂಶಕ್ಕೇ ಕೈಕಾಲು ನಡುಗಿಸಿಕೊಂಡು ಕೂತಿದ್ದೆವು.

2012ರಲ್ಲಿ ತಂಡದ ಪದಕ ಯಾಕೆ ಬರಲಿಲ್ಲ?

ಲಂಡನ್‌ನಲ್ಲಿ ಆ ಸ್ಪರ್ಧೆಯೇ ಇರಲಿಲ್ಲ. ಕತ್ತಿವರಸೆಗೆ ಕೊಟ್ಟ ಪದಕಗಳ ಸಂಖ್ಯೆ ಆಗ ಸೀಮಿತ, ಹಾಗಾಗಿ ತಂಡದ ವಿಭಾಗಗಳಲ್ಲಿ ಸರದಿ ಪ್ರಕಾರ ಎರಡನ್ನು ಕೈಬಿಡುತ್ತಿದ್ದರು. ಆ ಸಲ ಕೈಬಿಟ್ಟವುಗಳಲ್ಲಿ ಮಹಿಳಾ ಸೇಬರ್ ಒಂದು. ಚಾಂಪಿಯನ್ ತಂಡಕ್ಕೆ ತನ್ನ ಚಿನ್ನ ಉಳಿಸಿಕೊಳ್ಳುವ ಅವಕಾಶವೇ ಸಿಗಲಿಲ್ಲ. ವೈಯಕ್ತಿಕದಲ್ಲಿ ಖರ್ಲಾನ್ ಸೆಮಿಫೈನಲ್‌ನಲ್ಲಿ ರಷ್ಯಾದ ಸೋಫಿಯಾ ವೆಲಿಕಾಯಾಗೆ ಸೋತಳು. ಕಂಚಿನ ಪಂದ್ಯದಲ್ಲಿ ಅದಕ್ಕೆ ಹಿಂದಿನ ಎರಡೂ ಒಲಿಂಪಿಕ್ಸ್‌ನ ಚಿನ್ನ ಗೆದ್ದಿದ್ದ ಅಮೆರಿಕದ ಮಾರಿಯಲ್ ಝಗೂನಿಸ್ ಎದುರು ಬಂದಳು. 15-10ರಿಂದ ಗೆಲುವು ಖರ್ಲಾನ್‌ದು.

ವಿಶ್ವ ಚಾಂಪಿಯನ್‌ಶಿಪ್ ಎಷ್ಟು ಸಲ ಗೆದ್ದಿದ್ದಾಳೆ?

ವೈಯಕ್ತಿಕವಾಗಿ ನಾಲ್ಕು: 2013 ಬುಡಾಪೆಸ್ಟ್, 2014 ಕಜಾನ್, 2017 ಲೈಪ್ಜಿಗ್, 2019 ಮತ್ತೆ ಬುಡಾಪೆಸ್ಟ್. ತಂಡದ ಜೊತೆ 2009ರಲ್ಲಿ ಮತ್ತು 2013ರಲ್ಲಿ. 2013ರಲ್ಲಿ ಒಂದೇ ಕೂಟದಲ್ಲಿ ಎರಡೂ ಬಂದವು.

ನನಗೆ ಇಷ್ಟ 2019ರದ್ದು. ಫೈನಲ್‌ನಲ್ಲಿ ಎದುರಿಗಿದ್ದವಳು ಅದೇ ವೆಲಿಕಾಯಾ, ಲಂಡನ್‌ನಲ್ಲಿ ಚಿನ್ನದ ದಾರಿ ಮುಚ್ಚಿದವಳು. 15-14. ಮತ್ತೆ ಕೊನೆಯ ಏಟು. ಇವಳ ದೊಡ್ಡ ಗೆಲುವುಗಳ ಪಟ್ಟಿ ಹಿಡಿದು ಕೂತರೆ 45-44, 15-14 ಇಂಥವೇ ಸಿಗುತ್ತವೆ. ಅದೃಷ್ಟ ಅನ್ನೋರು ಇದ್ದಾರೆ. ಒಂದು ಸಲ ಆದರೆ ಅದೃಷ್ಟ ಅನ್ನಬಹುದು, ಹತ್ತು ವರ್ಷ ಬಿಟ್ಟು ಮತ್ತೆ ಮತ್ತೆ ಆದರೆ ಏನನ್ನೋಣ?

ಇಷ್ಟೆಲ್ಲ ಗೆದ್ದರೂ ಒಲಿಂಪಿಕ್ಸ್‌ನಲ್ಲಿ ಒಂಟಿಯಾಗಿ ಚಿನ್ನ ಯಾಕಿಲ್ಲ?

ಮೂರು ಸಲ ಸೆಮಿಫೈನಲ್‌ನಲ್ಲಿ ನಿಂತಿತು. ಲಂಡನ್‌ನಲ್ಲಿ ವೆಲಿಕಾಯಾ, 2016ರ ರಿಯೊದಲ್ಲಿ ರಷ್ಯಾದ ಯಾನಾ ಯೆಗೊರಿಯಾನ್, 2024ರ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಸಾರಾ ಬಾಲ್ಜೆ. ಮೂವರೂ ಆ ಕೂಟಗಳಲ್ಲಿ ಚಿನ್ನವನ್ನೋ ಬೆಳ್ಳಿಯನ್ನೋ ಗೆದ್ದವರೇ.

ಆದರೆ ಇದನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು ಕೊಟ್ಟುಬಿಡುತ್ತಾರೆ. ಒಲಿಂಪಿಕ್ಸ್‌ನಲ್ಲಿ ಹಾಗಿಲ್ಲ, ಸೋತ ಇಬ್ಬರೂ ಅದೇ ಸಂಜೆ ಮತ್ತೆ ಹೊಡೆದಾಡಬೇಕು. ನಾಲ್ಕು ವರ್ಷದ ಕನಸು ಮುರಿದ ಸ್ವಲ್ಪ ಹೊತ್ತಿಗೇ ಬೆವರು ಒರೆಸಿಕೊಂಡು ಮತ್ತೆ ಪಿಸ್ಟ್ ಹತ್ತೋದು ಸುಮ್ನೆ ಮಾತಲ್ಲ. ಖರ್ಲಾನ್ ಮೂರು ಸಲ ಹತ್ತಿದಳು, ಮೂರು ಸಲವೂ ಗೆದ್ದಳು. ರಿಯೊದಲ್ಲಿ ಕಂಚಿಗಾಗಿ ಸೋಲಿಸಿದ್ದು ಫ್ರಾನ್ಸಿನ ಮಾನೊ ಬ್ರೂನೆಯನ್ನು. ಎಂಟು ವರ್ಷದ ನಂತರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದವಳು ಅದೇ ಬ್ರೂನೆ.

ರಿಯೊದಲ್ಲಿ ತಂಡದ ಬೆಳ್ಳಿಯೂ ಬಂತು. ಫೈನಲ್‌ನಲ್ಲಿ ರಷ್ಯಾ ಎದುರು 30-45. ಅದು ಹಣಾಹಣಿ ಅಲ್ಲವೇ ಅಲ್ಲ, ಸೋತು ಸುಣ್ಣವಾದ ಪಂದ್ಯ.

ಟೋಕಿಯೊದಲ್ಲಿ ಏನಾಯಿತು?

ಮೊದಲ ಪಂದ್ಯದಲ್ಲೇ ಚೀನಾದ ಯಾಂಗ್ ಹೆಂಗ್ಯು ಎದುರು ಸೋತು ಹೊರಗೆ. ಪದಕವಿಲ್ಲದೆ ಮನೆಗೆ ಹೋದ ಒಲಿಂಪಿಕ್ಸ್ ಇದೊಂದೇ. ಅಷ್ಟೇ ವಿಷಯ.

ಯುದ್ಧ ಶುರುವಾದ ಮೇಲೆ ಆಟ ಹೇಗೆ ನಡೆಸಿದಳು?

2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಶುರು ಮಾಡಿತು. ಮಿಕೊಲಾಯಿವ್ ಮುಂಚೂಣಿಗೆ ತೀರಾ ಹತ್ತಿರ. ರಷ್ಯಾ ಸೇನೆ ಒಡೆಸಾ ಕಡೆ ಹೋಗಬೇಕಾದರೆ ಈ ಊರನ್ನು ದಾಟಬೇಕಿತ್ತು, ಊರು ದಾಟಲು ಬಿಡಲಿಲ್ಲ. ಅದಕ್ಕೆ ತೆತ್ತ ಬೆಲೆ ದೊಡ್ಡದು. ಮಾರ್ಚ್ 29ರಂದು ಪ್ರಾಂತ್ಯದ ಆಡಳಿತ ಕಚೇರಿಯ ಕಟ್ಟಡಕ್ಕೆ ಕ್ಷಿಪಣಿ ಬಿದ್ದು ನಡುವೆ ದೊಡ್ಡ ತೂತು ಬಿದ್ದ ಚಿತ್ರ ನೀವೂ ನೋಡಿರಬಹುದು. ಏಪ್ರಿಲ್‌ನಲ್ಲಿ ಕುಡಿಯುವ ನೀರಿನ ಪೈಪು ಹಾಳಾಯಿತು. ಆಮೇಲೆ ಬಹಳ ಕಾಲ ಜನ ಕ್ಯಾನು ಹಿಡಿದು ಸಾಲು ನಿಂತರು. ಇವಳ ಮನೆಯವರು ಇದ್ದದ್ದು ಅದೇ ಊರಲ್ಲಿ.

ಅದೇ ಯುದ್ಧದ ಮೊದಲ ವಾರ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಉಕ್ರೇನಿನ ಊರುಗಳ ಹೆಸರು ಕನ್ನಡದ ಮನೆಗಳಲ್ಲಿ ಕೇಳಿಸತೊಡಗಿದ್ದು ಆ ದಿನಗಳಲ್ಲೇ.

ಖರ್ಲಾನ್ ತರಬೇತಿ ನಡೆಸಿದ್ದು ಇಟಲಿಯಲ್ಲಿ. ಆಕೆಯ ಸಂಗಾತಿ ಲುಯಿಜಿ ಸಮೆಲೆ ಇಟಲಿಯ ಸೇಬರ್ ಆಟಗಾರ, ಟೋಕಿಯೊದಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದವನು. ಒಂದು ದೇಶದಲ್ಲಿ ಅಭ್ಯಾಸ, ಇನ್ನೊಂದು ದೇಶದಲ್ಲಿ ಮನಸ್ಸು.

ಸರಿ, ಮಿಲಾನ್‌ನಲ್ಲಿ ನಿಜವಾಗಿ ಆಗಿದ್ದೇನು?

ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಹತ್ತು ಸೆಕೆಂಡಿನ ವಿಡಿಯೊದಲ್ಲಿ ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ.

ಯುದ್ಧ ಶುರುವಾದಾಗ ಅಂತರರಾಷ್ಟ್ರೀಯ ಕತ್ತಿವರಸೆ ಫೆಡರೇಷನ್ ರಷ್ಯಾ ಮತ್ತು ಬೆಲಾರಸ್ ಆಟಗಾರರನ್ನು ಹೊರಗಿಟ್ಟಿತ್ತು. ಈ ಫೆಡರೇಷನ್‌ಗೆ 2008ರಿಂದ ಅಧ್ಯಕ್ಷರಾಗಿದ್ದವರು ರಷ್ಯಾದ ಕೋಟ್ಯಧಿಪತಿ ಅಲಿಶೇರ್ ಉಸ್ಮಾನೊವ್, ಯುರೋಪಿನ ನಿರ್ಬಂಧ ಬಿದ್ದ ಮೇಲೆ ಪಕ್ಕಕ್ಕೆ ಸರಿದರು. 2023ರ ಮಾರ್ಚ್‌ನಲ್ಲಿ ಫೆಡರೇಷನ್ ಮತ ಹಾಕಿ, ರಷ್ಯನ್ನರು ಬಾವುಟ ಇಲ್ಲದೆ ತಟಸ್ಥರಾಗಿ ಆಡಬಹುದು ಅಂದಿತು. ಉಕ್ರೇನ್ ಸರ್ಕಾರ ಇದಕ್ಕೆ ಉತ್ತರವಾಗಿ, ರಷ್ಯನ್ನರು ಇರುವ ಕೂಟಗಳಲ್ಲಿ ನಮ್ಮವರು ಆಡುವುದೇ ಬೇಡ ಅಂತ ಆದೇಶ ಮಾಡಿತು. ಇದರಿಂದ ಪೆಟ್ಟು ಬಿದ್ದಿದ್ದು ಉಕ್ರೇನಿನವರಿಗೇ. ಕೂಟ ತಪ್ಪಿಸಿದರೆ ರ‍್ಯಾಂಕಿಂಗ್ ಪಾಯಿಂಟ್ ಇಲ್ಲ, ಪಾಯಿಂಟ್ ಇಲ್ಲದಿದ್ದರೆ ಪ್ಯಾರಿಸ್ ಒಲಿಂಪಿಕ್ಸ್ ಇಲ್ಲ. ಕೊನೆಗೆ ಜುಲೈ 26ರಂದು ಆದೇಶ ಸಡಿಲಾಯಿತು: ತಟಸ್ಥರ ಎದುರು ಆಡಬಹುದು. ಆಗ ಕ್ರೀಡಾ ಮಂತ್ರಿ ಯಾರು ಗೊತ್ತಾ? ಮೇಲೆ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅದೇ ಹುಟ್ಸಾಯ್ಟ್.

ಮರುದಿನ, ಜುಲೈ 27. ಮಿಲಾನ್‌ನ ವಿಶ್ವ ಚಾಂಪಿಯನ್‌ಶಿಪ್, 64ರ ಸುತ್ತು. ಖರ್ಲಾನ್ ಎದುರು ಬಂದವಳು ರಷ್ಯಾದ ಅನ್ನಾ ಸ್ಮಿರ್ನೋವಾ. ಯುದ್ಧ ಶುರುವಾದ ಮೇಲೆ ಈ ಆಟದಲ್ಲಿ ಉಕ್ರೇನಿನವಳೊಬ್ಬಳು ರಷ್ಯಾದವಳ ಎದುರು ನಿಂತದ್ದು ದೊಡ್ಡ ಸುದ್ದಿ. ಖರ್ಲಾನ್ 15-7ರಿಂದ ಸಲೀಸಾಗಿ ಗೆದ್ದಳು. ಸ್ಮಿರ್ನೋವಾ ಕೈ ಮುಂದೆ ಮಾಡಿ ಬಂದಳು. ಖರ್ಲಾನ್ ಕತ್ತಿ ಚಾಚಿ, ಕತ್ತಿಗೆ ಕತ್ತಿ ತಾಗಿಸೋಣ ಅನ್ನುವಂತೆ ನಿಂತಳು. ಕೋವಿಡ್ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಅವಳು ಒಪ್ಪಲಿಲ್ಲ, ಇವಳು ಪಿಸ್ಟ್ ಇಳಿದು ಹೋದಳು. ಸ್ಮಿರ್ನೋವಾ ಅಲ್ಲೇ ಕುರ್ಚಿ ಹಾಕಿಸಿಕೊಂಡು ಮುಕ್ಕಾಲು ಗಂಟೆ ಹತ್ತಿರ ಕೂತಳು. ಅದಾದ ಮೇಲೆ ಖರ್ಲಾನ್‌ಗೆ ಬ್ಲ್ಯಾಕ್ ಕಾರ್ಡ್. ಗೆದ್ದ ಪಂದ್ಯದ ನಂತರ ಕೂಟದಿಂದಲೇ ಹೊರಗೆ.

ಖರ್ಲಾನ್ ಹೇಳಿದ್ದು, ಕೈಕುಲುಕುವ ಬದಲು ಕತ್ತಿ ತಾಗಿಸಿದರೆ ನಡೆಯುತ್ತದೆ ಅಂತ ಆಗಿನ ಹಂಗಾಮಿ ಅಧ್ಯಕ್ಷ ಇಮ್ಯಾನುಯೆಲ್ ಕಾಟ್ಸಿಯಾಡಾಕಿಸ್ ಮೊದಲೇ ತನಗೆ ಭರವಸೆ ಕೊಟ್ಟಿದ್ದರು ಅಂತ.

ನಿಯಮ ಅಂದ ಮೇಲೆ ನಿಯಮ ಅಲ್ವಾ? ಕೈ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ನಿಯಮ ಇದ್ದದ್ದು ನಿಜ. ಟೆನಿಸ್‌ನಲ್ಲಿ ಕೈಕುಲುಕುವುದು ನಡೆದುಬಂದ ರೂಢಿ. ಅದೇ ತಿಂಗಳು ವಿಂಬಲ್ಡನ್‌ನಲ್ಲಿ ಉಕ್ರೇನಿನ ಎಲಿನಾ ಸ್ವಿಟೊಲಿನಾ ಬೆಲಾರಸ್‌ನ ಅಜರೆಂಕಾಗೆ ಕೈ ಕೊಡಲಿಲ್ಲ, ಅವಳನ್ನು ಯಾರೂ ಹೊರಗೆ ಹಾಕಲಿಲ್ಲ. ಕತ್ತಿವರಸೆಯಲ್ಲಿ ಅದನ್ನು ಪುಸ್ತಕದಲ್ಲೇ ಬರೆದಿಟ್ಟಿದ್ದರು, ತಪ್ಪಿದರೆ ಬ್ಲ್ಯಾಕ್ ಕಾರ್ಡ್ ಅಂತ.

ನನ್ನ ಅಭಿಪ್ರಾಯ ಕೇಳಿದರೆ, ತನ್ನ ಊರಿನ ಮೇಲೆ ಬಾಂಬ್ ಬೀಳುತ್ತಿರುವಾಗ ಆ ದೇಶದವರ ಜೊತೆ ಆಡುವುದಕ್ಕೆ ಒಪ್ಪಿದ್ದೇ ದೊಡ್ಡದು. ಅವಳು ಬೈಯಲಿಲ್ಲ, ಬೆನ್ನು ತಿರುಗಿಸಿ ಓಡಲಿಲ್ಲ, ಕತ್ತಿಯಿಂದ ಗೌರವ ತೋರಿಸುತ್ತೇನೆ ಅಂದಳು. ಕೈ ಯಾರಿಗೆ ಕೊಡಬೇಕು ಅನ್ನೋದು ಮನಸ್ಸಿಗೆ ಬಿಟ್ಟ ವಿಷಯ. ಸ್ಮಿರ್ನೋವಾ ಪಾಪ, ಅವಳೇನು ಯುದ್ಧ ಮಾಡಿದಳಾ ಅನ್ನೋರಿದ್ದಾರೆ. ಅವರ ವಾದವನ್ನೂ ಕೇಳಿದ್ದೇನೆ. ಆದರೆ ಮುಕ್ಕಾಲು ಗಂಟೆ ಕುರ್ಚಿ ಹಾಕಿ ಕೂತದ್ದು ನನಗಂತೂ ಕೈಕುಲುಕುವ ಆಸೆಯಿಂದ ಅನ್ನಿಸಲಿಲ್ಲ.

ಒಲಿಂಪಿಕ್ ಸಮಿತಿ ಪ್ಯಾರಿಸ್‌ಗೆ ಪುಕ್ಕಟೆ ಟಿಕೆಟ್ ಕೊಟ್ಟಿತಂತೆ?

ಅರ್ಧ ನಿಜ. ಆಗಿನ ಒಲಿಂಪಿಕ್ ಸಮಿತಿ ಅಧ್ಯಕ್ಷ ಥಾಮಸ್ ಬಾಕ್ ಆಕೆಗೆ ಪತ್ರ ಬರೆದರು: ಮಾಮೂಲಿ ದಾರಿಯಲ್ಲಿ ಅರ್ಹತೆ ಸಿಗದೆ ಹೋದರೆ ನಿನಗೆ ಹೆಚ್ಚುವರಿ ಜಾಗ ಕೊಡುತ್ತೇವೆ ಅಂತ ಅದರ ಸಾರ. ಬಾಕ್ ಕೂಡ ಕತ್ತಿವರಸೆಯವರೇ, 1976ರ ಮಾಂಟ್ರಿಯಲ್‌ನಲ್ಲಿ ಪಶ್ಚಿಮ ಜರ್ಮನಿಯ ಫಾಯಿಲ್ ತಂಡದಲ್ಲಿ ಚಿನ್ನ ಗೆದ್ದವರು. ಫೆಡರೇಷನ್ ಕೂಡ ಮರುದಿನವೇ ಅಮಾನತು ತೆಗೆದು ತಂಡದ ಸ್ಪರ್ಧೆ ಆಡಲು ಬಿಟ್ಟಿತು.

ಆದರೆ ಆ ಹೆಚ್ಚುವರಿ ಜಾಗ ಬೇಕಾಗಲೇ ಇಲ್ಲ. ಉಕ್ರೇನಿನ ಮಹಿಳಾ ಸೇಬರ್ ತಂಡ ತಾನಾಗಿಯೇ ಅರ್ಹತೆ ಪಡೆಯಿತು. ತಂಡ ಅರ್ಹತೆ ಪಡೆದರೆ ಅದರ ಮೂವರಿಗೆ ವೈಯಕ್ತಿಕದಲ್ಲೂ ಆಡುವ ಹಕ್ಕು ತಂತಾನೇ ಬರುತ್ತದೆ. ಆಕೆ ಪ್ಯಾರಿಸ್‌ಗೆ ಹೋಗಿದ್ದು ಹೀಗೆ.

ಈಗಲೂ ಕೈಕುಲುಕಲೇಬೇಕಾ?

ಇಲ್ಲ. ಈ ಗಲಾಟೆಯ ನಂತರ ಫೆಡರೇಷನ್ ನಿಯಮ ಬದಲಿಸಿತು. ಕೈಕುಲುಕುವುದು ಕಡ್ಡಾಯ ಅಲ್ಲ, ದೂರದಿಂದ ಸೆಲ್ಯೂಟ್ ಮಾಡಿದರೂ ಸಾಕು.

ಪ್ಯಾರಿಸ್‌ನ ಕಂಚು ಯಾಕೆ ಅಷ್ಟು ದೊಡ್ಡ ಸುದ್ದಿ? ಕಂಚು ಮೊದಲೂ ಎರಡು ಇತ್ತಲ್ಲ?

2024ರ ಜುಲೈ 29, ಗ್ರಾಂ ಪಾಲೆ. ಗಾಜಿನ ಚಾವಣಿಯ ಆ ಹಳೇ ಸಭಾಂಗಣದ ಮೆಟ್ಟಿಲಿಳಿದು ಆಟಗಾರರು ಬರುವುದು ನೋಡೋಕೇ ಚೆಂದ. ಸೆಮಿಫೈನಲ್‌ನಲ್ಲಿ ಬಾಲ್ಜೆ ಎದುರು 7-15. ಹೀನಾಯ ಸೋಲು. ಕಂಚಿನ ಪಂದ್ಯದಲ್ಲಿ ದಕ್ಷಿಣ ಕೊರಿಯಾದ ಚೊಯ್ ಸೆಬಿನ್. ಸ್ಕೋರು 5-11. ಚೊಯ್‌ಗೆ ಇನ್ನು ನಾಲ್ಕೇ ಏಟು ಬೇಕು. ಸೇಬರ್‌ನಲ್ಲಿ ನಾಲ್ಕು ಏಟು ಅಂದರೆ ಒಂದು ನಿಮಿಷದ ಕೆಲಸ. ಇವಳಿಗೆ ವಯಸ್ಸು 33.

ಅಲ್ಲಿಂದ ಒಂದೊಂದೇ ಏಟು. ಮುಂದೆ ನುಗ್ಗುವ ಬದಲು ಚೊಯ್‌ಳನ್ನು ನುಗ್ಗಲು ಬಿಟ್ಟು, ಹಿಂದೆ ಹಿಂದೆ ಸರಿದು, ಅಂತರ ಅಳೆದು, ತಪ್ಪಿದ ಕ್ಷಣಕ್ಕೆ ಹೊಡೆಯೋದು. 15-14. ಮಂಡಿಯೂರಿ ಕೂತು ಪಿಸ್ಟ್‌ಗೆ ಮುತ್ತಿಟ್ಟಳು. ಆ ಒಲಿಂಪಿಕ್ಸ್‌ನಲ್ಲಿ ಉಕ್ರೇನಿಗೆ ಬಂದ ಮೊದಲ ಪದಕ ಅದು. ಯುದ್ಧದಲ್ಲಿ ಸತ್ತು ಪ್ಯಾರಿಸ್‌ಗೆ ಬರಲಾಗದ ತನ್ನ ದೇಶದ ಆಟಗಾರರಿಗೆ ಅದನ್ನು ಅರ್ಪಿಸಿದಳು. ಎರಡು ದಿನ ಮೊದಲು ಅದೇ ಪಿಸ್ಟ್‌ನಲ್ಲಿ ಸಮೆಲೆ ಕೂಡ ಕಂಚು ಗೆದ್ದಿದ್ದ, ಮನೆಗೆ ಎರಡು ಕಂಚು.

ತಂಡದ ಚಿನ್ನ ಹೇಗೆ ಬಂತು?

ಆಗಸ್ಟ್ 3. ಅಲಿನಾ ಕೊಮಾಶ್ಚುಕ್, ಯುಲಿಯಾ ಬಕಾಸ್ತೊವಾ, ಓಲೆನಾ ಕ್ರಾವಾತ್ಸ್ಕಾ ಮತ್ತು ಖರ್ಲಾನ್. ಕ್ವಾರ್ಟರ್‌ಫೈನಲ್‌ನಲ್ಲಿ ಇಟಲಿ, ಸೆಮಿಫೈನಲ್‌ನಲ್ಲಿ ಜಪಾನ್ ಹೋದವು. ಫೈನಲ್‌ನಲ್ಲಿ ಫ್ರಾನ್ಸ್ ಬರುತ್ತದೆ ಅಂತ ಜನ ಕಾದಿದ್ದರು, ಆದರೆ ಫ್ರಾನ್ಸನ್ನು ಅವರದ್ದೇ ಮನೆಯಲ್ಲಿ ಮುಗಿಸಿ ಬಂದಿದ್ದು ದಕ್ಷಿಣ ಕೊರಿಯಾದ ಹುಡುಗಿಯರ ತಂಡ.

ಎಂಟು ಸುತ್ತು ಮುಗಿದಾಗ ಉಕ್ರೇನ್ 37, ಕೊರಿಯಾ 40. ಒಂಬತ್ತನೇ ಸುತ್ತಿಗೆ ಪಿಸ್ಟ್ ಹತ್ತಿದ್ದು ಯಾರು ಅಂತ ಹೇಳಬೇಕಾ? ಎದುರಿಗೆ ಜಿಯೊನ್ ಹಾ-ಯಂಗ್, ಆ ತಂಡದ ಅತಿ ಬಲಶಾಲಿ ಆಟಗಾರ್ತಿ. ಅವಳಿಗೆ ಐದು ಬೇಕು, ಇವಳಿಗೆ ಎಂಟು ಬೇಕು. ಅವಳಿಗೆ ಸಿಕ್ಕಿದ್ದು ಎರಡು. ಇವಳು ಎಂಟೂ ಹೊಡೆದಳು. 45-42. ಪ್ಯಾರಿಸ್‌ನಲ್ಲಿ ಉಕ್ರೇನಿನ ಮೊದಲ ಚಿನ್ನ.

ನಮ್ಮಲ್ಲಿ ಆಗ ರಾತ್ರಿ ಬಹಳ ಹೊತ್ತಾಗಿತ್ತು. ಮನೆಯವರು ಮಲಗಿದ್ದರಿಂದ ಬಾಯಿಗೆ ದಿಂಬು ಒತ್ತಿಕೊಂಡು ಕೂಗಿದ್ದೆ.

ಬೀಜಿಂಗ್‌ನಲ್ಲಿ ಹದಿನೇಳರ ಹುಡುಗಿಗೆ ಕೊಟ್ಟ ಕೆಲಸವನ್ನೇ ಹದಿನಾರು ವರ್ಷ ಬಿಟ್ಟು ಮೂವತ್ಮೂರರ ಹೆಂಗಸಿಗೆ ಕೊಟ್ಟರು. ತಂಡ ಬೇರೆ, ಊರು ಬೇರೆ, ದೇಶದ ಸ್ಥಿತಿಯೇ ಬೇರೆ. ಕೊನೆಯ ಸುತ್ತು ಮಾತ್ರ ಅದೇ.

ಒಟ್ಟು ಒಲಿಂಪಿಕ್ ಪದಕಗಳು?

2008 ತಂಡ ಚಿನ್ನ, 2012 ಕಂಚು, 2016 ಕಂಚು ಮತ್ತು ತಂಡ ಬೆಳ್ಳಿ, 2024 ಕಂಚು ಮತ್ತು ತಂಡ ಚಿನ್ನ. ಉಕ್ರೇನಿನಲ್ಲಿ ಈ ಮೊದಲು ಮುಂದಿದ್ದವಳು ಈಜುಗಾರ್ತಿ ಯಾನಾ ಕ್ಲೊಚ್ಕೊವಾ, ಅವಳದ್ದು ಐದು. ಅದರಲ್ಲಿ ನಾಲ್ಕು ಚಿನ್ನ, ಹಾಗಾಗಿ ಯಾರು ದೊಡ್ಡವರು ಅನ್ನೋ ಜಗಳ ಅಲ್ಲಿ ಮುಗಿಯುವಂತದ್ದಲ್ಲ.

ಇವಳ ಹೆಸರಲ್ಲಿ ಬಾರ್ಬಿ ಗೊಂಬೆ ಇದೆಯಂತೆ?

ಹೌದು, 2020ರಲ್ಲಿ ಬಂತು. ಬಿಳಿ ಡ್ರೆಸ್ಸು, ಕೈಯಲ್ಲಿ ಸೇಬರ್.

ಭಾರತಕ್ಕೂ ಈ ಕಥೆಗೂ ಏನಾದರೂ ನಂಟಿದೆಯಾ?

ನೇರವಾಗಿ ಕಮ್ಮಿ, ಆದರೆ ಇದೆ. ಒಲಿಂಪಿಕ್ಸ್‌ನಲ್ಲಿ ಕತ್ತಿವರಸೆ ಆಡಿದ ಮೊದಲ ಭಾರತೀಯೆ ಚೆನ್ನೈನ ಭವಾನಿ ದೇವಿ, ಅವಳದ್ದೂ ಸೇಬರೇ. ಶಾಲೆಯಲ್ಲಿ ಬೇರೆ ಆಟಗಳ ಜಾಗ ತುಂಬಿದ್ದರಿಂದ ಇದಕ್ಕೆ ಸೇರಿದವಳು, ಮೊದಮೊದಲು ಬಿದಿರು ಕೋಲಲ್ಲಿ ಅಭ್ಯಾಸ ಮಾಡಿದವಳು. ಆಮೇಲೆ ಖರ್ಲಾನ್ ಹಾಗೆ ಅವಳೂ ಇಟಲಿಗೆ ಹೋಗಿ ಕಲಿತಳು. ಟೋಕಿಯೊದಲ್ಲಿ ಮೊದಲ ಪಂದ್ಯ 15-3ರಿಂದ ಗೆದ್ದಳು, ಎರಡನೆಯದರಲ್ಲಿ 7-15ರಿಂದ ಸೋತಳು. ಸೋಲಿಸಿದ್ದು ಯಾರು? ಮಾನೊ ಬ್ರೂನೆ, ರಿಯೊದಲ್ಲಿ ಖರ್ಲಾನ್ ಕಂಚಿನ ಪಂದ್ಯದಲ್ಲಿ ಸೋಲಿಸಿದ್ದಳಲ್ಲ, ಅವಳೇ. ಈ ಆಟದ ಲೋಕ ಎಷ್ಟು ಚಿಕ್ಕದು ನೋಡಿ. ಭವಾನಿ 2023ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಕಂಚು ಕೂಡ ಗೆದ್ದಳು, ಅದೂ ವಿಶ್ವ ಚಾಂಪಿಯನ್ ಆಗಿದ್ದ ಜಪಾನಿನ ಮಿಸಾಕಿ ಎಮುರಾಳನ್ನು ಸೋಲಿಸಿ.

ನಾನು ಕತ್ತಿವರಸೆ ನೋಡಿದ್ದೇ ಇಲ್ಲ. ಇವಳ ಯಾವ ಪಂದ್ಯದಿಂದ ಶುರು ಮಾಡಲಿ?

ಪ್ಯಾರಿಸ್‌ನ ಕಂಚಿನ ಪಂದ್ಯ. 5-11ರ ಹೊತ್ತಿಗೆ ವಿಡಿಯೊ ನಿಲ್ಲಿಸಿ, ಒಂದು ಲೋಟ ನೀರು ಕುಡಿದು ಬನ್ನಿ. ಆಮೇಲೆ ಕತ್ತಿ ನೋಡೋಕೆ ಹೋಗಬೇಡಿ, ಕಣ್ಣಿಗೆ ಸಿಗಲ್ಲ. ಅವಳ ಕಾಲು ನೋಡಿ.